ಚೀಲದ ತೂಕ

ಮಾಸ್ಟರಿಗೆ ಲಕ್ವ ಹೊಡೆದ ನಾಲ್ಕನೇ ದಿನ ಅವರ ಹೆಂಡತಿ ಅರಸೀಕೆರೆಯ ನಮ್ಮ ಮನೆಗೆ ಬಂದು ಮೇಜಿನ ಮೇಲೆ ಮೂರು ವಸ್ತು ಇಟ್ಟರು: ಒಂದು ಸೀಟಿ, ಒಂದು ಹಾಜರಿ ಪುಸ್ತಕ, ಸೀಮೆಸುಣ್ಣ ತುಂಬಿದ ಬಿಸ್ಕತ್ತಿನ ಡಬ್ಬ.

“ಬೇಲೂರಿನ ಪಂದ್ಯಕ್ಕೆ ಇನ್ನು ಹತ್ತೊಂಬತ್ತೇ ದಿನ ಐತೆ ಕಣವ್ವ. ಹುಡುಗರು ದಿನಾ ಗ್ರೌಂಡಿಗೆ ಬಂದು ಸುಮ್ನೆ ಕೂತ್ಕಂಡು ಹೋಯ್ತಾವೆ. ನೀನೇ ನೋಡ್ಕಬೇಕು.”

“ನಾನು ಕರಾಟೆ ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ ಆಂಟಿ.”

“ಬಿಟ್ರೆ ಬೆಲ್ಟು ವಾಪಸ್ ಹೋಯ್ತದಾ? ತಂಡದ ಜೊತೆ ಬ್ರೌನ್ ಬೆಲ್ಟಿನವರು ಒಬ್ರು ಇರ್ಲೇಬೇಕಂತೆ. ಊರಲ್ಲಿ ಉಳ್ದಿರೋಳು ನೀನೊಬ್ಳೇ.”

ಹಾಸನದಲ್ಲಿ ಡಿಗ್ರಿ ಮುಗಿಸಿ, ಅರಸೀಕೆರೆಯ ಒಂದು ಪಿಯು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದೆ. ಸಂಜೆ ನಾಲ್ಕರ ಮೇಲೆ ನನಗೆ ಕೆಲಸವಿರಲಿಲ್ಲ. ಹಿಂದಿನ ದಿನ ಹಾಸನದ ಆಸ್ಪತ್ರೆಗೆ ಹೋಗಿ ಮಾಸ್ಟರನ್ನು ನೋಡಿ ಬಂದಿದ್ದೆ. ಬಲಗೈ ಬಲಗಾಲು ಸುಮ್ಮನಾಗಿದ್ದವು, ಬಾಯಿ ಒಂದು ಕಡೆ ಎಳೆದಿತ್ತು. ಮಂಚದ ಪಕ್ಕ ನಿಂತು ಗ್ಲೂಕೋಸಿನ ಹನಿ ಎಣಿಸಿದೆ. ಏನೂ ಅನ್ನಿಸಲಿಲ್ಲ. ದುಃಖ ಹೆಚ್ಚಾದಾಗ ಹೀಗೇ ಆಗುತ್ತದೆ ಎಂದು ಅಮ್ಮ ಸಮಾಧಾನ ಹೇಳಿದಳು. ಅದಕ್ಕೆ ಪುರಾವೆ ಏನು ಎಂದು ಕೇಳಿದೆ. ಇಲ್ಲದ ದುಃಖವೂ ಹೊರಗಿನಿಂದ ಹೀಗೇ ಕಾಣುತ್ತದಲ್ಲ.

ಮಾಸ್ಟರ್ ರೈಲ್ವೆಯಲ್ಲಿ ಕೀಮ್ಯಾನ್. ಬೆಳಗಾಗುತ್ತಿದ್ದ ಹಾಗೆ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ಹಳಿಯ ಗುಂಟ ಮೈಲಿಗಟ್ಟಲೆ ನಡೆಯುವುದು, ಹಳಿ ಕಚ್ಚಿ ಹಿಡಿದ ಕೀಲಿ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ನಿಂತು ಬಡಿದು ಕೂರಿಸುವುದು, ತನ್ನ ಕೈಲಾಗದ್ದನ್ನು ಹೋಗಿ ವರದಿ ಮಾಡುವುದು. ಇಷ್ಟು ಅವರ ಕೆಲಸ. ಸಂಜೆ ಕ್ವಾರ್ಟರ್ಸ್ ಹಿಂದಿನ ಬಯಲಿನಲ್ಲಿ ಸೀಮೆಸುಣ್ಣದಿಂದ ಕಲ್ಲುಚಪ್ಪಡಿಯ ಮೇಲೆ ಚೌಕ ಎಳೆದು ಕರಾಟೆ ಕಲಿಸುತ್ತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ನಾನು ಆ ಚೌಕದೊಳಗೆ ಇಳಿದಾಗ ನನಗೆ ಹತ್ತು ವರ್ಷ.

ಅವರ ಕ್ಲಾಸಿನಲ್ಲಿ ರೆಫರಿ ಇರುತ್ತಿರಲಿಲ್ಲ. ಇಬ್ಬರು ಸೆಣಸುವಾಗ ಯಾರಿಗೆ ಏಟು ತಗುಲಿತೋ ಅವರೇ ಕೈ ಎತ್ತಿ “ಬಿತ್ತು” ಅನ್ನಬೇಕು. ಹೊಡೆದವರು “ಎಲ್ಲಿ?” ಎಂದು ಕೇಳಬೇಕು. ಬಿದ್ದ ಜಾಗವನ್ನು ಮುಟ್ಟಿ ತೋರಿಸಬೇಕು. ಆಮೇಲೆ ಇಬ್ಬರೂ ತಲೆ ಬಾಗಿಸಿ ಮತ್ತೆ ಶುರು. ಹೊಡೆದವರು “ನಾನು ಹೊಡೆದೆ” ಅನ್ನುವ ಹಾಗಿಲ್ಲ. ಅಂದರೆ ಇಪ್ಪತ್ತು ಬಸ್ಕಿ.

ಹದಿನೈದನೇ ವಯಸ್ಸಿನಲ್ಲಿ, ಹಾಸನದ ಒಂದು ಫೈನಲ್‌ನಲ್ಲಿ, ಅಭ್ಯಾಸಬಲದಿಂದ ನನ್ನ ಕೈ ಮೇಲೆದ್ದಿತು. ಏಟು ಬಿದ್ದದ್ದನ್ನು ರೆಫರಿ ನೋಡಿರಲಿಲ್ಲ, ಮೂಲೆಯ ನಾಲ್ಕು ಬಾವುಟದವರೂ ನೋಡಿರಲಿಲ್ಲ. ನಾನೇ “ಬಿತ್ತು” ಅಂದೆ. ರೆಫರಿ ನಕ್ಕು ಎದುರಾಳಿಗೆ ಅಂಕ ಕೊಟ್ಟರು. ಒಂದು ಅಂಕದಲ್ಲಿ ಸೋತೆ. ವಾಪಸ್ ಬರುವ ಬಸ್ಸಿನಲ್ಲಿ ಮಾಸ್ಟರ್ ಜೊತೆ ವಾದಕ್ಕೆ ಕೂತೆ.

“ತೀರ್ಪು ಕೊಡೋಕೆ ಐದು ಜನ ಕೂತಿರ್ತಾರಲ್ಲ ಮಾಸ್ಟರ್, ಅವರ ಕೆಲಸ ನಾನ್ಯಾಕೆ ಮಾಡ್ಬೇಕು?”

“ಏಟು ಬಿದ್ದಿತ್ತೋ ಇಲ್ವೋ?”

“ಬಿದ್ದಿತ್ತು. ಆದ್ರೆ...”

“ಮತ್ತೆ?”

ಅಷ್ಟೇ. ಅರಸೀಕೆರೆ ತಲುಪುವವರೆಗೂ ನಾನು ಏಳೆಂಟು ಕಾರಣ ಜೋಡಿಸಿ ಹೇಳಿದೆ. ಪ್ರತಿಯೊಂದಕ್ಕೂ ಅದೇ “ಮತ್ತೆ?” ನನ್ನನ್ನು “ವಕೀಲ್ರು” ಎಂದು ಕರೆದು ಕಡಲೆಕಾಯಿ ಪೊಟ್ಟಣ ಮುಂದೆ ಹಿಡಿದರು. ಮರುವಾರದಿಂದ ನಾನು ಕ್ಲಾಸಿಗೆ ಹೋಗಲಿಲ್ಲ. ಚರ್ಚಾಸ್ಪರ್ಧೆಗೆ ಸೇರಿದೆ. ಅಲ್ಲಿ ಎದುರಿನವರ ಮಾತು ನಮಗೆ ತಗುಲಿತು ಎಂದು ಒಪ್ಪಿಕೊಳ್ಳುವವರು ಮೂರ್ಖರು. ನಾನು ತಂದ ಪಾರಿತೋಷಕಗಳು ಈಗಲೂ ನಮ್ಮ ಮನೆಯ ಷೋಕೇಸಿನಲ್ಲಿವೆ.

ಇಂಥ ನಾನು ಸೀಟಿ ತೆಗೆದುಕೊಂಡು ಬಯಲಿಗೆ ಹೋದೆ.

ಪಂದ್ಯಕ್ಕೆ ಹೆಸರು ಕೊಟ್ಟಿದ್ದವರು ಆರು ಜನ. ಅವರಲ್ಲಿ ಗಂಡಸಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯ ಮೇಲೆ ಎಲ್ಲರ ಕಣ್ಣಿತ್ತು. ಹಿಂದಿನ ಎರಡು ವರ್ಷ ಜಿಲ್ಲೆಗೆ ಎರಡನೆಯವಳಾಗಿದ್ದಳು. ಮೊದಲ ಸ್ಥಾನದವರಿಗೆ ಮಾತ್ರ ರಾಜ್ಯಮಟ್ಟ. ರಾಜ್ಯಮಟ್ಟದಲ್ಲಿ ಆಡಿದವರಿಗೆ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕರೆ. ಹದಿನಾರರ ಒಳಗಿನವರ ವಿಭಾಗದಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಕಡಿಮೆ ಮಾತಿನವಳು. ಅವಳ ಅಪ್ಪ ಗಂಡಸಿ ಬಸ್ ಸ್ಟ್ಯಾಂಡಿನ ಎದುರು ಟೈಲರ್. ಕರಾಟೆಯ ಬಿಳಿ ಅಂಗಿಯನ್ನು ಅವರೇ ಹೊಲಿದಿದ್ದರು; ತಂಡದಲ್ಲಿ ಅಳತೆಗೆ ಸರಿಯಾಗಿ ಕೂತ ಅಂಗಿ ಅವಳದೊಂದೇ.

ಮೊದಲ ದಿನವೇ ನಾನು ಎರಡು ಬದಲಾವಣೆ ಮಾಡಿದೆ. ಒಂದು, “ಬಿತ್ತು” ನಿಲ್ಲಿಸಿದೆ.

“ರೆಫರಿ ನೋಡಿದ್ರೆ ಅಂಕ. ನೋಡ್ಲಿಲ್ಲ ಅಂದ್ರೆ ಏನೂ ಆಗಿಲ್ಲ. ಕೈ ಕೆಳಗೇ ಇರ್ಬೇಕು. ಅರ್ಥ ಆಯ್ತಾ?”

“ಮಾಸ್ಟರ್ ಬೈತಾರೆ ಅಕ್ಕ,” ಎಂದ ಒಬ್ಬ ಹುಡುಗ.

“ಬೈಯೋಕೆ ಬರ್ಲಿ ನೋಡೋಣ,” ಎಂದೆ. ಅಂದ ಮೇಲೆ ಆ ಮಾತಿನ ಅರ್ಥ ನನಗೇ ಕೇಳಿಸಿತು. ಯಾರೂ ನಗಲಿಲ್ಲ. ಸೀಟಿ ಊದಿದೆ.

ಎರಡನೆಯದು, ಗಂಡಸಿಯ ಹುಡುಗಿಯ ಜೋಡಿ ಬದಲಿಸಿದ್ದು. ಮೂರು ತಿಂಗಳಿಂದ ಮಾಸ್ಟರ್ ಅವಳನ್ನು ಅವಳಿಗಿಂತ ಎತ್ತರದ, ತೂಕದ ಹುಡುಗರ ಜೊತೆಗೇ ಸೆಣಸಲು ಬಿಡುತ್ತಿದ್ದರಂತೆ. ಉದ್ದ ಕೈಯವರ ಏಟಿನ ಅಂತರದೊಳಗೆ ನುಗ್ಗಿ ಹತ್ತಿರದಿಂದ ಹೊಟ್ಟೆಗೆ ಗುದ್ದುವುದನ್ನು ತೀಡಿ ತೀಡಿ ಕಲಿಸಿದ್ದರು. ಅವಳಷ್ಟೇ ಗಾತ್ರದವರ ಎದುರು ಅದು ಬೇಕಾಗುವುದಿಲ್ಲ, ದೂರ ನಿಂತು ಕಾಲಿನಿಂದ ಅಂಕ ಎತ್ತಬಹುದು ಎಂದು ನಾನು ಲೆಕ್ಕ ಹಾಕಿದೆ. ಹದಿನೈದು ದಿನ ಪಕ್ಕೆಗೆ ಬೀಸುವ ಒದೆಯನ್ನೇ ಮಾಡಿಸಿದೆ. ಬೆಳಗ್ಗೆ ಮನೆಯಲ್ಲಿ ನೂರು, ಸಂಜೆ ಬಯಲಿನಲ್ಲಿ ನೂರು. ಒಂದೂ ತಪ್ಪಿಸದೆ ಮಾಡಿದಳು.

ಪಂದ್ಯಕ್ಕೆ ಐದು ದಿನ ಇರುವಾಗ ತೂಕ ನೋಡಬೇಕಿತ್ತು. ಅರಸೀಕೆರೆಯಲ್ಲಿ ಆರು ಜನರ ತೂಕ ನೋಡುವುದೆಂದರೆ ಕೊಬ್ಬರಿ ಮಂಡಿಗೆ ಹೋಗುವುದು. ಮಾಸ್ಟರಿಗೆ ಪರಿಚಯದ ಮಂಡಿಯೊಂದಿತ್ತು. ಮಕ್ಕಳನ್ನು ತಿಂಗಳಿಗೊಮ್ಮೆ ಅಲ್ಲಿಗೇ ಕರೆದೊಯ್ಯುತ್ತಿದ್ದರು. ನಾವು ಹೋದಾಗ ಗುಮಾಸ್ತರು ಊಟಕ್ಕೆ ಹೋಗಿದ್ದರು. ಕೊಬ್ಬರಿಯ ಸಿಹಿ ಕಮಟು ವಾಸನೆ, ಗೋಣಿಚೀಲಗಳ ಗುಡ್ಡ. ಒಬ್ಬ ವಯಸ್ಸಾದ ಹಮಾಲಿ ಎದ್ದು ಬಂದು ತೂಕದ ಯಂತ್ರದ ಮೇಲಿದ್ದ ಚೀಲಗಳನ್ನು ಇಳಿಸಿದ.

“ಹತ್ತವ್ವ, ಕೊಬ್ಬರಿಗಿಂತ ನೀನೇ ವಾಸಿ, ಹೊತ್ತು ಹಾಕೋ ಕೆಲ್ಸ ಇಲ್ಲ,” ಎಂದು ಹುಡುಗಿಯನ್ನು ನಿಲ್ಲಿಸಿದ. ಸಲಾಕೆಯ ಮೇಲೆ ಬಟ್ಟು ಸರಿಸಿ ಹೇಳಿದ: “ನಲವತ್ನಾಕು ಮುಕ್ಕಾಲು. ಚೀಲದ್ದು ಸೇರಿಸ್ಕಳಿ ಮೇಡಂ.”

“ಯಾವ ಚೀಲ?”

“ಗೋಣಿದು. ಒಂದು ಕೆಜಿ.”

“ಇವಳೇನು ಗೋಣಿಚೀಲದಲ್ಲಿ ಬಂದಿದ್ದಾಳಾ?” ಎಂದೆ. ಮಕ್ಕಳು ನಕ್ಕರು. ನಗು ಬಿದ್ದ ಮೇಲೆ ನಾನು ಬಿಡುವವಳಲ್ಲ. “ಚೀಲ ಎಲ್ಲಿದೆ ತೋರ್ಸಿ. ಇಲ್ಲದ ಚೀಲದ ತೂಕ ಯಾಕೆ ಸೇರಿಸ್ಬೇಕು? ಚೀಲ ಇದ್ರೆ ಕಳೀಬೇಕು. ಇಲ್ದಿದ್ರೆ ಕಳೆಯೋದೂ ಇಲ್ಲ, ಸೇರಿಸೋದೂ ಇಲ್ಲ. ಅಲ್ವಾ?”

“ಅಲ್ಲ ಮೇಡಂ, ಈ ಮಿಷನ್ನು...”

“ಮಿಷನ್ ಕೆಟ್ಟಿದೆಯಾ?”

“ಕೆಟ್ಟಿಲ್ಲ. ಮುದ್ರೆ ಒತ್ತವ್ರೆ ನೋಡಿ.”

“ಸರಿ ಇದೆ ತಾನೆ? ಮುಗೀತು.”

ಅವನು ಹೆಗಲ ಟವೆಲ್ ಕೊಡವಿ, “ಓದಿರೋರು ನೀವು, ನಿಮ್ಗೆ ಹೇಳಕ್ಕಾಯ್ತದಾ,” ಎಂದು ಮುಂದಿನ ಹುಡುಗನನ್ನು ಕರೆದ.

ಹಾಜರಿ ಪುಸ್ತಕ ತೆಗೆದು ತೂಕ ಬರೆದೆ. ಹಿಂದಿನ ತಿಂಗಳ ಪುಟದಲ್ಲಿ ಪ್ರತಿಯೊಬ್ಬರ ತೂಕದ ಪಕ್ಕವೂ ಮಾಸ್ಟರ ದುಂಡು ಅಕ್ಷರದಲ್ಲಿ ‘+೧’ ಎಂದಿತ್ತು. ಹುಡುಗಿಯ ಹೆಸರಿನ ಮುಂದೆ ‘೫೦ರಲ್ಲಿ’ ಎಂದು ಬರೆದು ಗೆರೆ ಎಳೆದಿದ್ದರು. ನಲವತ್ತೈದು ಕೆಜಿಯೊಳಗೆ ಬರುವವಳನ್ನು ಐವತ್ತರ ವಿಭಾಗಕ್ಕೆ ಯಾಕೆ ನೂಕಬೇಕು?

“ಯಾಕಂತೆ ಐವತ್ತು?” ಎಂದು ಅವಳನ್ನು ಕೇಳಿದೆ.

“ಗೊತ್ತಿಲ್ಲ ಅಕ್ಕ. ಮಾಸ್ಟರ್ ಹಾಕವ್ರೆ.”

“ಮಾಸ್ಟರ್ ಹಾಕಿದ್ರೆ ಸರಿ ಅಂತನಾ?”

ಮುಂಜಾಗ್ರತೆಗೆಂದು ಎಲ್ಲರಿಗೂ ಒಂದು ಕೆಜಿ ಏರಿಸಿ ಬರೆಯುವ, ಹಿಡಿತ ಬಿಡದ ಹಳೆಯ ಕಾಲದ ಮನುಷ್ಯ ಎಂದು ತೀರ್ಮಾನಿಸಿದೆ. ಪ್ರವೇಶಪತ್ರದಲ್ಲಿ ಅವಳ ಹೆಸರಿನ ಮುಂದೆ ನಲವತ್ತೈದು ಎಂದು ಇಂಕಿನಲ್ಲಿ ಬರೆದೆ.

ಭಾನುವಾರ ಮೊದಲ ಬಸ್ಸಿಗೆ ಹೊರಟು, ಜಾವಗಲ್, ಹಳೇಬೀಡು ದಾಟಿ, ಎಂಟೂವರೆಗೆ ಬೇಲೂರು ತಲುಪಿದೆವು. ಪಂದ್ಯ ನಡೆಯುತ್ತಿದ್ದದ್ದು ಒಂದು ಕಲ್ಯಾಣಮಂಟಪದಲ್ಲಿ. ಊಟದ ಹಾಲಿನ ಕಲ್ಲಿನ ನೆಲದ ಮೇಲೆ ಸ್ನಾನದ ಮನೆಯ ಹೊರಗೆ ಇಡುವಂಥ ಚಪ್ಪಟೆ ತೂಕದ ಡಬ್ಬ ಇಟ್ಟುಕೊಂಡು ಒಬ್ಬ ಅಧಿಕಾರಿ ಕೂತಿದ್ದರು. ಗಂಡಸಿಯ ಹುಡುಗಿ ಹತ್ತಿ ನಿಂತಳು. ಮುಳ್ಳು ನಲವತ್ತಾರರ ಹತ್ತಿರ ಹೋಗಿ ನಡುಗಿ ನಿಂತಿತು.

“ಮುಕ್ಕಾಲು ಕೆಜಿ ಜಾಸ್ತಿ ಮೇಡಂ. ಐವತ್ತಕ್ಕೆ ಹಾಕ್ಲಾ? ಇನ್ನೂ ಪಟ್ಟಿ ಮಾಡಿಲ್ಲ,” ಎಂದರು.

ಈ ಪ್ರಶ್ನೆಯನ್ನು ನಾನು ಆಮೇಲೆ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆಗ ನನ್ನ ತಲೆಯಲ್ಲಿ ಬೇರೆ ಸ್ವಿಚ್ಚು ಬಿದ್ದಿತ್ತು.

“ಸರ್, ಅರಸೀಕೆರೆ ಮಂಡಿಯ ಯಂತ್ರದಲ್ಲಿ ತೂಗಿಸಿದ್ದೀನಿ. ವ್ಯಾಪಾರದ ಯಂತ್ರ, ಸರ್ಕಾರದ ಮುದ್ರೆ ಇದೆ. ಇದಕ್ಕೆ ಯಾವ ಮುದ್ರೆ ಇದೆ?”

“ಮುದ್ರೆ ಅಂದ್ರೆ... ಎಲ್ಲಾ ಕಡೆ ಇದರಲ್ಲೇ ನೋಡೋದು.”

“ಎಲ್ಲಾ ಕಡೆ ತಪ್ಪು ನಡೆದ್ರೆ ಸರಿ ಆಗುತ್ತಾ? ಡಬ್ಬ ಸ್ವಲ್ಪ ಈ ಕಡೆ ಇಡಿ.”

ಡಬ್ಬ ಸರಿಸಿದರು. ನಲವತ್ತೈದೂವರೆ. ಇನ್ನೊಂದು ಕಡೆ, ನಲವತ್ತಾರು. ನೀರು ಹೋಗುವ ಕಿಂಡಿಯ ಹತ್ತಿರ ಚಪ್ಪಡಿ ಇಳಿಜಾರಾಗಿತ್ತು. ಅಲ್ಲಿ ಇಡಿಸಿದೆ. ಮುಳ್ಳು ನಲವತ್ತೈದಕ್ಕೆ ಬಂತು.

“ನೋಡಿ, ನಾಲ್ಕು ಕಡೆ ನಾಲ್ಕು ಹೇಳುತ್ತೆ. ಯಾವುದನ್ನ ನಂಬ್ತೀರಿ?”

ಹಿಂದೆ ನಿಂತಿದ್ದ ಅರೇಹಳ್ಳಿಯ ಕೋಚ್ ಮುಂದೆ ಬಂದರು. “ಏನ್ ಮೇಡಂ, ನಮ್ಮ ಹುಡುಗಿನೂ ಇದರ ಮೇಲೇ ನಿಂತಿದ್ದು.”

“ನಿಮ್ಮ ಹುಡುಗಿ ಸರಿ ಬಂದಳು ಅಂದ ಮಾತ್ರಕ್ಕೆ ಡಬ್ಬ ಸರಿ ಇದೆ ಅಂತ ಹೇಗಾಗುತ್ತೆ ಸರ್?”

ಅವರು ತಲೆ ಕೆರೆದುಕೊಂಡರು. “ನಿಮ್ಮ ಮಾಸ್ಟರ್ ಇದ್ದಿದ್ರೆ ಇಷ್ಟೊತ್ತಿಗೆ ಕಾಫಿ ಕುಡ್ದು ಕೂತಿರ್ತಿದ್ವಿ,” ಎಂದು ಗೊಣಗಿ ಹಿಂದೆ ಸರಿದರು. ಅಧಿಕಾರಿಯ ಮುಂದೆ ಇನ್ನೂ ಅರವತ್ತು ಮಕ್ಕಳ ಸಾಲು. “ಹೋಗ್ರೀ ಮೇಡಂ, ನಲವತ್ತೈದು ಅಂತಲೇ ಬರ್ಕೋತೀನಿ,” ಎಂದರು. ಗೆದ್ದೆ. ಹುಡುಗಿ ಚಪ್ಪಲಿ ಹಾಕಿಕೊಳ್ಳುತ್ತಾ ಒಮ್ಮೆ ಆ ಇಳಿಜಾರು ಚಪ್ಪಡಿಯನ್ನು ನೋಡಿದಳು.

ಅವಳ ಮೊದಲ ಪಂದ್ಯ ಒಂದು ನಿಮಿಷದಲ್ಲಿ ಮುಗಿಯಿತು. ಒದೆಗೆ ಎರಡು, ಮತ್ತೆ ಎರಡು. ಸೆಮಿಫೈನಲ್ಲೂ ಹಾಗೆಯೇ. ಅಷ್ಟರಲ್ಲಿ ಪಕ್ಕದ ಚೌಕದಲ್ಲಿ ಐವತ್ತು ಕೆಜಿಯವರ ಪಂದ್ಯಗಳೂ ಮುಗಿದುಹೋದವು.

ಫೈನಲ್‌ಗೆ ಮುಂಚೆ ಪ್ರಮಾಣಪತ್ರಕ್ಕೆಂದು ಹುಟ್ಟಿದ ದಿನಾಂಕ ಕೇಳಿದರು. ಹಾಜರಿ ಪುಸ್ತಕದ ಹಿಂಭಾಗದಲ್ಲಿ ಇರಬೇಕೆಂದು ಪುಟ ತಿರುವಿದೆ. ಹಿಂದಿನ ವರ್ಷದ ಪಂದ್ಯದ ಪುಟ ಸಿಕ್ಕಿತು. ಮಾಸ್ಟರ್ ಎರಡು ಸಾಲು ಮಾಡಿದ್ದರು. ಮಂಡಿಯಲ್ಲಿ ಬಂದ ತೂಕ ಒಂದರಲ್ಲಿ, ಪಂದ್ಯದ ದಿನ ಅಧಿಕಾರಿಗಳು ತೂಗಿದ್ದು ಇನ್ನೊಂದರಲ್ಲಿ. ಗಂಡಸಿಯ ಹುಡುಗಿ: ಮಂಡಿ ೪೩, ಹಾಸನ ೪೪. ಅವಳ ಕೆಳಗಿನವನು: ಮಂಡಿ ೩೮, ಹಾಸನ ೩೯. ಅದರ ಹಿಂದಿನ ವರ್ಷದ ಪುಟವೂ ಇತ್ತು. ಒಬ್ಬರಿಗೂ ತಪ್ಪದೆ ಒಂದೇ ಕೆಜಿಯ ವ್ಯತ್ಯಾಸ.

ಹಮಾಲಿ ಹೇಳಲು ಬಂದದ್ದು ಆಗ ಪೂರ್ತಿಯಾಯಿತು. ಕೊಬ್ಬರಿ ಬರುವುದು ಚೀಲದಲ್ಲಿ. ಪ್ರತಿ ಸಲ ಚೀಲದ ತೂಕ ಕಳೆಯುವ ತೊಂದರೆ ಬೇಡವೆಂದು ಖಾಲಿ ಗೋಣಿ ಇಟ್ಟೇ ಆ ಯಂತ್ರವನ್ನು ಸೊನ್ನೆಗೆ ನಿಲ್ಲಿಸಿರುತ್ತಾರೆ. ಚೀಲವಿಲ್ಲದೆ ನಿಂತವರ ತೂಕದಲ್ಲಿ ಅದು ಇಲ್ಲದ ಚೀಲವನ್ನೂ ಕಳೆದುಬಿಡುತ್ತದೆ. ಹುಡುಗಿಯ ನಿಜವಾದ ತೂಕ ನಲವತ್ತೈದು ಮುಕ್ಕಾಲು. ಆ ಡಬ್ಬ ಬೆಳಗ್ಗೆ ಹೇಳಿದ್ದೂ ಅದೇ. ಮಾಸ್ಟರ್ ಅವಳನ್ನು ಐವತ್ತಕ್ಕೆಂದೇ ತಯಾರು ಮಾಡಿದ್ದರು. ಎತ್ತರದ ಹುಡುಗರ ಜೋಡಿಯೂ, ಒಳನುಗ್ಗಿ ಗುದ್ದುವುದೂ, ಎಲ್ಲಾ ಅದಕ್ಕೇ. ನಾನು ಅಷ್ಟನ್ನೂ ತಿದ್ದಿದ್ದೆ.

ಇಲ್ಲಿ ನಾನು ಏನು ಮಾಡಿದೆ ಎಂದು ಸರಿಯಾಗಿ ಬರೆಯಬೇಕು. ಪುಸ್ತಕ ಮುಚ್ಚಿ, ಗೋಡೆಗೆ ಒರಗಿ, ಪರ ವಿರೋಧ ಜೋಡಿಸಿದೆ. ಹೇಳಬಾರದು ಎನ್ನುವುದಕ್ಕೆ ಕಾರಣಗಳು ಸರಸರ ಬಂದವು. ಮುಕ್ಕಾಲು ಕೆಜಿಯಿಂದ ಯಾರಿಗೂ ಅನ್ಯಾಯವಾಗಿಲ್ಲ, ತಪ್ಪು ಹುಡುಗಿಯದಲ್ಲ, ಐವತ್ತರ ಪಂದ್ಯ ಮುಗಿದಿದೆ, ಇದು ಅವಳ ಕೊನೆಯ ವರ್ಷ. ಹೇಳಬೇಕು ಎನ್ನುವುದಕ್ಕೆ ಒಂದೇ ಇತ್ತು. ಸಂಖ್ಯೆಯಲ್ಲಿ ಅದು ಸೋತಿತು. ಭಯವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಕೈಗೆ ಸೀಮೆಸುಣ್ಣ ಮೆತ್ತಿತ್ತು, ಒರೆಸಿಕೊಂಡೆ. ಫೈನಲ್‌ಗೆ ಕರೆದರು.

ಎದುರಾಳಿ ಅರೇಹಳ್ಳಿಯ ಹುಡುಗಿ. ಚುರುಕು ಕೈ. ಇಬ್ಬರೂ ಜಿದ್ದಿಗೆ ಬಿದ್ದು ಆಡಿದರು. ಹದಿನೈದು ಸೆಕೆಂಡು ಉಳಿದಿದ್ದಾಗ ನಮ್ಮವಳಿಗೆ ಮೂರು, ಅವಳಿಗೆ ಎರಡು. ನಮ್ಮವಳು ಒದೆಗೆ ಕಾಲೆತ್ತಿದಳು. ಅರೇಹಳ್ಳಿಯವಳು ಸರಕ್ಕನೆ ಒಳಗೆ ಬಂದು ಎಡಪಕ್ಕೆಗೆ ಗುದ್ದಿದಳು. ನಾನು ಕೂತಿದ್ದ ಕಡೆಗೆ ಸ್ಪಷ್ಟವಾಗಿ ಕಂಡಿತು. ಸದ್ದೂ ಕೇಳಿತು. ರೆಫರಿಗೆ ನಮ್ಮವಳ ಬೆನ್ನು ಅಡ್ಡ ಬಂದಿತ್ತು. ಆಟ ನಿಲ್ಲಿಸಿ ಮೂಲೆಗಳ ಕಡೆ ನೋಡಿದರು. ಯಾವ ಬಾವುಟವೂ ಏಳಲಿಲ್ಲ.

ಹುಡುಗಿಯ ಬಲಗೈ ಸೊಂಟದಿಂದ ಎದೆಯ ಮಟ್ಟಕ್ಕೆ ಎದ್ದಿತು. ಅಲ್ಲಿ ನಿಂತು ನನ್ನ ಕಡೆ ನೋಡಿದಳು.

ನಾನು ತಲೆ ಅಲ್ಲಾಡಿಸಿದೆ. ಬೇಡ.

ಕೈ ಇಳಿಯಿತು. ಗೆದ್ದಳು.

ಚಪ್ಪಾಳೆಯ ನಡುವೆ ಅವಳು ನಗದೆ ಬಂದು ಪಕ್ಕದಲ್ಲಿ ಕೂತಳು, ಎಡಪಕ್ಕೆಯನ್ನು ಅಂಗೈಯಲ್ಲಿ ಒತ್ತಿಕೊಂಡು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಆರು ವರ್ಷ ಮಾಸ್ಟರ್ ತಿದ್ದಿದ್ದ ಕೈ ಅದು. ಯಾರೂ ನೋಡದಾಗಲೂ ತಾನಾಗಿ ಮೇಲೇಳುತ್ತಿತ್ತು. ಹತ್ತೊಂಬತ್ತು ದಿನದಲ್ಲಿ ಅದನ್ನು ಇಳಿಸುವುದು ಕಲಿಸಿದ್ದೆ. ಅದಕ್ಕೆ ಎದುರಾಗಿ ಹೂಡಲು ನನ್ನಲ್ಲಿ ಒಂದು ವಾದವೂ ಸಿಗಲಿಲ್ಲ.

ಬಹುಮಾನ ವಿತರಣೆಗೆ ಕುರ್ಚಿ ಹಾಕುತ್ತಿದ್ದರು. ಎದ್ದು ಹೋಗಿ ಅಧಿಕಾರಿಯ ಮುಂದೆ ಪುಸ್ತಕ ಬಿಚ್ಚಿಟ್ಟೆ.

“ಬೆಳಗ್ಗೆ ನಾನು ಹೇಳಿದ್ದು ತಪ್ಪು ಸರ್. ನಿಮ್ಮ ಡಬ್ಬ ಸರಿ ಇದೆ. ಹುಡುಗಿ ತೂಕ ನಲವತ್ತೈದು ಮುಕ್ಕಾಲು.”

ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು. “ಈಗ ಹೇಳ್ತೀರಲ್ರೀ! ಬೆಳಗ್ಗೆ ನಾನೇ ಕೇಳ್ದೆ, ಐವತ್ತಕ್ಕೆ ಹಾಕ್ಲಾ ಅಂತ. ಹಾಕಿದ್ದಿದ್ರೆ ಆಡ್ತಿದ್ಲು. ಈಗ ಎಲ್ಲಿಗೆ ಹಾಕ್ಲಿ?”

“ಎಲ್ಲಿಗೂ ಆಗಲ್ಲ ಅಂತ ಗೊತ್ತು.”

“ಅನರ್ಹ ಅಂತ ಬರೀಬೇಕಾಗುತ್ತೆ.”

“ಬರೀರಿ. ತಪ್ಪು ಕೋಚ್‌ದು ಅಂತಲೂ ಬರೀರಿ.”

“ಅದಕ್ಕೆ ಇದರಲ್ಲಿ ಜಾಗ ಇಲ್ಲ ಮೇಡಂ,” ಎಂದರು. ಹೆಸರು ಬರೆದಾಗಿದ್ದ ಪ್ರಮಾಣಪತ್ರವನ್ನು ಎರಡಾಗಿ ಹರಿದು ಕಾಗದದ ಬುಟ್ಟಿಗೆ ಹಾಕಿದರು. ಅರೇಹಳ್ಳಿಯ ಕೋಚ್ ಅಲ್ಲೇ ಇದ್ದರು. ಅವರ ಹುಡುಗಿ ಗೆದ್ದ ಹಾಗಾಯಿತು. ಆದರೂ ಅವರ ಮುಖ ಅರಳಲಿಲ್ಲ. “ಪಾಪ, ಹುಡುಗಿ,” ಎಂದಷ್ಟೇ ಹೇಳಿ ಹೋದರು.

ಹುಡುಗಿಗೆ ನಾನೇ ಹೇಳಿದೆ. ಚೀಲದ ವಿಷಯ, ಪುಸ್ತಕದ ವಿಷಯ, ಐವತ್ತರ ವಿಷಯ, ಎಲ್ಲವನ್ನೂ ಒಂದಾದ ಮೇಲೊಂದು. ಕೇಳಿದಳು. ಬೆಲ್ಟು ಬಿಚ್ಚಿ ಮಡಚಿ ಬ್ಯಾಗಿಗೆ ಹಾಕಿದಳು.

ವಾಪಸ್ ಬಸ್ಸು ಹಳೇಬೀಡಿನಲ್ಲಿ ಹತ್ತು ನಿಮಿಷ ನಿಂತಿತು. ಉಳಿದವರು ಚುರುಮುರಿಗೆ ಇಳಿದರು. ಬಿಳಿ ಅಂಗಿಯ ಮಕ್ಕಳನ್ನು ಕಂಡು ಇಬ್ಬರು ವಿದೇಶಿಯರು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದುಕೊಂಡರು. ಹುಡುಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ.

“ಒಂದು ಮಾತು ಕೇಳ್ಲಾ ಅಕ್ಕ?” ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ.

“ಕೇಳು.”

“ನಾನು ಎತ್ತಕ್ಕೆ ಹೋದಾಗ ಬೇಡ ಅಂದ್ರಿ. ಆಮೇಲೆ ನೀವು ಹೋಗಿ ಎತ್ತುದ್ರಿ.”

ಮಡಿಲಲ್ಲಿದ್ದ ಹಾಜರಿ ಪುಸ್ತಕವನ್ನು ಬ್ಯಾಗಿಗೆ ಸೇರಿಸಿದೆ.

“ಹೆಂಗಿದ್ರೂ ಕಳ್ಕಳದಾಗಿದ್ರೆ ನಾನೇ ಎತ್ತಿ ಕಳ್ಕಂಡಿರ್ತಿದ್ದೆ,” ಎಂದಳು. “ಅದಾದ್ರೂ ನಂದಾಗಿರ್ತಿತ್ತು.”

ಒಂಬತ್ತು ವರ್ಷದಲ್ಲಿ ಎಷ್ಟೋ ವೇದಿಕೆ ಹತ್ತಿದ್ದೇನೆ. ನನ್ನ ಪಾಳಿ ಬಂದಾಗ ಒಂದೂ ಮಾತಿಲ್ಲದೆ ಕೂತದ್ದು ಅದೊಂದೇ ಸಲ.

ಮರುದಿನ ಗಂಡಸಿಗೆ ಹೋಗಿ ಅವಳ ಅಪ್ಪನಿಗೆ ಹೇಳಿದೆ. ಅವರು ಮೆಷಿನ್ ತುಳಿಯುವುದನ್ನು ನಿಲ್ಲಿಸಿ, ಕೊರಳಿನ ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. “ಅಳತೆ ತಪ್ಪದೆ ಇರೋ ಟೈಲರ್ ಯಾವನವ್ನೆ ಮೇಡಂ,” ಎಂದರು. “ಆದ್ರೆ ಕೇಳ್ದಲೆ ಕತ್ರಿ ಹಾಕ್ಬಾರ್ದು.” ಕಾಫಿ ತರಿಸಿದರು. ಮಗಳು ಮತ್ತೆ ಬರುತ್ತಾಳೋ ಇಲ್ಲವೋ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಷ್ಟರಲ್ಲಿ ಮಾಸ್ಟರನ್ನು ಕ್ವಾರ್ಟರ್ಸಿಗೆ ಕರೆತಂದಿದ್ದರು. ಗೋಡೆಯ ಬುದ್ಧನ ಪಟದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ಬಲಗೈ ತೊಡೆಯ ಮೇಲೆ ಯಾರೋ ಇಟ್ಟುಹೋದ ಹಾಗೆ. ಮಂಡಿಯಿಂದ ಹಿಡಿದು ಹಳೇಬೀಡಿನವರೆಗೆ ನಡೆದದ್ದನ್ನೆಲ್ಲಾ ಹೇಳಿದೆ. ನನ್ನ ಪರವಾಗಿ ಏನೂ ಸೇರಿಸಲಿಲ್ಲ. ಮುಗಿಸಿದಾಗ ಅವರ ತುಟಿ ಬಹಳ ಹೊತ್ತು ಅದುರಿತು.

“ಮತ್ತೆ?” ಎಂದರು.

ನನ್ನ ಬೆನ್ನು ನೆಟ್ಟಗಾಯಿತು. ಒಳಗಿನಿಂದ ಅವರ ಹೆಂಡತಿ ಲೋಟ ಹಿಡಿದು ಬಂದರು. “ಅದೊಂದೇ ಮಾತು ಉಳ್ದಿರೋದು ಕಣವ್ವ. ಗಂಜಿ ಕೊಟ್ರೂ ಮತ್ತೆ, ನಲ್ಲಿ ನೀರು ಬಂದ್ರೂ ಮತ್ತೆ. ಡಾಕ್ಟ್ರು ಹಂಗೇ ಆಯ್ತದೆ ಅಂದ್ರು.”

ಅದು ನನಗೆ ಕೇಳಿದ ಪ್ರಶ್ನೆಯೋ, ಕೆಟ್ಟ ನರದಲ್ಲಿ ಉಳಿದುಹೋದ ಸದ್ದೋ, ನಾನು ತೀರ್ಮಾನ ಮಾಡುವುದಿಲ್ಲ. ಪುರಾವೆ ಸಾಲದು. ಮರುದಿನ ಸಂಜೆ ಸೀಟಿ ತೆಗೆದುಕೊಂಡು ಬಯಲಿಗೆ ಹೋಗಿ, ಚೌಕ ಎಳೆದು, “ಬಿತ್ತು” ಮತ್ತೆ ಶುರುವಾಗಿದೆ ಎಂದು ಐದು ಜನಕ್ಕೆ ಹೇಳಿದೆ. ಆ ವಾರ ಮಂಡಿಗೂ ಹೋದೆವು. ಹಮಾಲಿಯ ಹತ್ತಿರ ಹೋಗಿ ನಿಮ್ಮ ಮಾತು ಸರಿ ಇತ್ತು ಎಂದೆ. ಅವನು ಒಂದು ಖಾಲಿ ಗೋಣಿ ಕೊಡವಿ, ತೂಗಲು ನಿಂತ ಹುಡುಗನ ಕೈಗೆ ಕೊಟ್ಟ.

“ಹಿಡ್ಕಳ್ಲಾ. ಈಗ ಚೀಲ ಐತೆ. ನಿಮ್ಮ ಮೇಡಂಗೆ ವಾದ ಮಾಡಾಕೆ ಏನೂ ಉಳಿಲಿಲ್ಲ.”

ಹನ್ನೆರಡನೇ ದಿನ ಗಂಡಸಿಯ ಬಸ್ಸಿನಿಂದ ಅವಳು ಇಳಿದು ಬಂದಳು. ಯಾರನ್ನೂ ಮಾತಾಡಿಸದೆ ಸಾಲಿನ ಕೊನೆಗೆ ನಿಂತಳು. ಅವತ್ತು ಒಬ್ಬ ಹುಡುಗ ಬಂದಿರಲಿಲ್ಲ; ಜೋಡಿ ಮಾಡುವಾಗ ಅವಳಿಗೆ ಯಾರೂ ಉಳಿಯಲಿಲ್ಲ. ನಾನೇ ಚೌಕದೊಳಗೆ ಇಳಿದೆ. ತಲೆ ಬಾಗಿಸಿದೆವು.

ಅವಳು ಒದೆಗೆ ಹೋಗಲೇ ಇಲ್ಲ. ನನ್ನ ಕೈಯ ಅಂತರದ ಅಂಚಿನಲ್ಲಿ ಎರಡು ಸಲ ಓಲಾಡಿ, ನಾನು ಮುಷ್ಟಿ ಚಾಚಿದ ಗಳಿಗೆಯಲ್ಲೇ ಅದರ ಕೆಳಗೆ ನುಗ್ಗಿದಳು. ಮಾಸ್ಟರ್ ತೀಡಿದ್ದ ಗುದ್ದು. ತಗುಲಿದ ಕೂಡಲೇ ಹಿಂದಕ್ಕೆ ಎಳೆದುಕೊಳ್ಳಬೇಕಾದ್ದನ್ನು ಅವಳು ಎಳೆದುಕೊಳ್ಳಲಿಲ್ಲ. ಪೂರ್ತಿ ಬಿಟ್ಟಳು. ಉಸಿರು ನಿಂತಿತು. ಆಸ್ಪತ್ರೆಯ ಮಂಚದ ಪಕ್ಕ ನಿಂತ ದಿನದಿಂದ ನನ್ನ ಮೈಗೆ ಏನೂ ನಾಟಿರಲಿಲ್ಲ, ಇದು ನಾಟಿತು. ಕಣ್ಣಲ್ಲಿ ನೀರು ಬಂತು.

ನಾಲ್ಕು ಜನ ಆಟ ನಿಲ್ಲಿಸಿ ನೋಡುತ್ತಿದ್ದರು. ನಾನು ಕೈ ಎತ್ತಿದೆ.

“ಬಿತ್ತು.”

ಅವಳು ಮುಷ್ಟಿ ಇಳಿಸದೆ ನಿಂತಿದ್ದಳು. ಕೇಳುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ರೈಲೊಂದು ಸ್ಟೇಷನ್ ಬಿಟ್ಟು ಹೊರಟು ಅದರ ಕೊನೆಯ ಡಬ್ಬಿ ದಾಟುವವರೆಗೂ ಕಾದೆ, ಎತ್ತಿದ ಕೈ ಎತ್ತಿದ ಹಾಗೇ.

“ಎಲ್ಲಿ?” ಎಂದಳು.

ಮುಟ್ಟಿ ತೋರಿಸಿದೆ.